ಕೌದಿ ಹೊದ್ದ ಸಾಸೇಜು

ಹೋದ ಡಿಸೆಂಬರಿನ ಒಂದು ಭಾನುವಾರ ಸಂಜೆ ನಮ್ಮ ಮನೆ ಮಾಳಿಗೆಯಿಂದ ದಟ್ಟ ಹೊಗೆ ಎದ್ದಿತು. ಎದುರು ಮನೆಯವರು ಓಡಿ ಬಂದು ಗೇಟು ಬಡಿದರು. ಅವ್ವ ಒಂದು ಕೊಡ ನೀರು ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಮೇಲೆ ಹತ್ತುವಂತಿಲ್ಲ, ಸುಮ್ನೆ ನಿಲ್ಲುವಂತೆಯೂ ಇಲ್ಲ. ನಾನು ಮೇಲಿಂದಲೇ "ಏನೂ ಆಗಿಲ್ಲ ಬೇ, ಬೇಕನ್ ಸುಡ್ತು ಅಷ್ಟ" ಎಂದು ಕೂಗಿದೆ. "ಏನ್ ಸುಡ್ತು?" ಎಂದಳು. ಓಣಿಯ ಮಂದಿಯೆಲ್ಲ ಕತ್ತೆತ್ತಿ ನೋಡುತ್ತಿರುವಾಗ ಅದಕ್ಕೆ ಉತ್ತರ ಹೇಳುವ ಧೈರ್ಯ ನನಗಾಗಲಿಲ್ಲ.

ನಮ್ಮ ಮನೆಯ ಕಾನೂನು ಹೀಗಿದೆ. ಕೆಳಗಿನ ಅಡುಗೆಮನೆ ಅವ್ವನದು. ಅಲ್ಲಿ ಮೊಟ್ಟೆ, ಮಾಂಸ ಯಾವುದೂ ಬರುವಂತಿಲ್ಲ. ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ತಗಡಿನ ಶೆಡ್ ಇದೆ, ಅದು ನನ್ನದು. ಅಲ್ಲಿ ಒಂದು ಗ್ಯಾಸ್ ಒಲೆ, ಒಂದು ಹಳೇ ಓಟಿಜಿ ಅಂದರೆ ಕರೆಂಟಿನ ಸಣ್ಣ ಓವನ್ನು, ನಾಲ್ಕು ಪಾತ್ರೆ. ಹುಬ್ಬಳ್ಳಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಕೆಲವರ ಶೆಡ್ ಹಿತ್ತಲಲ್ಲಿರುತ್ತದೆ, ನಮ್ಮದು ಮಾಳಿಗೆಯ ಮೇಲಿದೆ, ಅಷ್ಟೇ ವ್ಯತ್ಯಾಸ. ಒಂದು ವಿನಾಯಿತಿ ಇದೆ. ಬರೀ ಹಿಟ್ಟು, ಹಾಲು, ಬೆಣ್ಣೆಯ ಕೆಲಸವಿದ್ದರೆ ಕೆಳಗೇ ಮಾಡಿಕೊಳ್ಳಬಹುದು. ಆದರೆ ಒಮ್ಮೆ ಮೇಲೆ ಹೋದ ಕಣಕ ಮತ್ತೆ ಕೆಳಗಿಳಿಯುವಂತಿಲ್ಲ.

ಇದೆಲ್ಲ ಶುರುವಾದದ್ದು ತಂಗಿಯ ಮಗನಿಂದ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದು ತಟ್ಟೆಯ ಫೋಟೋ ಕಳಿಸಿ "ಮಾಮಾ, ಪಿಗ್ಸ್ ಇನ್ ಬ್ಲ್ಯಾಂಕೆಟ್ಸ್ ತಿಂದೆ" ಎಂದು ಬರೆದಿದ್ದ. ನಾನು ಎರಡನೇ ಇಯತ್ತೆಯಲ್ಲೇ ತಿಂದಿದ್ದೇನೆ ಎಂದು ಜಂಬದಿಂದ ಉತ್ತರಿಸಿ, ಆಮೇಲೆ ಫೋಟೋ ಸರಿಯಾಗಿ ನೋಡಿದರೆ, ಅದು ನಾನು ತಿಂದದ್ದಲ್ಲವೇ ಅಲ್ಲ. ನಾನು ತಿಂದದ್ದು ಸಾಸೇಜನ್ನು, ಅಂದರೆ ಮಸಾಲೆ ಹಾಕಿದ ಖೀಮಾವನ್ನು ತೆಳು ಸಿಪ್ಪೆಯೊಳಗೆ ಉದ್ದಕ್ಕೆ ತುಂಬಿದ್ದನ್ನು, ಹಿಟ್ಟಿನಲ್ಲಿ ಸುತ್ತಿದ್ದು. ಅವನ ತಟ್ಟೆಯಲ್ಲಿದ್ದದ್ದು ಮಾಂಸಕ್ಕೇ ಮಾಂಸ, ಸಾಸೇಜಿಗೆ ಬೇಕನ್ ಎಂಬ ಹಂದಿ ಮಾಂಸದ ಪಟ್ಟಿ ಸುತ್ತಿದ್ದು.

ನಾನು ತಿಂದ ಕಥೆ ರೈಲ್ವೆ ಕಾಲೊನಿಯದು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಪಕ್ಕದ ಕ್ವಾರ್ಟರ್ಸಿನಲ್ಲಿ ಒಂದು ಆಂಗ್ಲೋ ಇಂಡಿಯನ್ ಕುಟುಂಬ. ಕ್ರಿಸ್‌ಮಸ್ ದಿನ ಆ ಮನೆಯ ಆಂಟಿ ನಮ್ಮ ಮನೆಗೆಂದೇ ಬೇರೆ ತಟ್ಟೆ ಕಳಿಸುತ್ತಿದ್ದರು: ಬಾಳೆಹಣ್ಣು, ಕಿತ್ತಳೆ, ಸಕ್ಕರೆ ಪಾಕದ ಕುಲ್‌ಕುಲ್. ಕುಲ್‌ಕುಲ್‌ಗೆ ಮೊಟ್ಟೆ ಹಾಕಿಲ್ಲ ಎಂದು ಎರಡೆರಡು ಸಲ ಹೇಳಿ ಕಳಿಸುತ್ತಿದ್ದರು. ನಾನು ತಟ್ಟೆ ವಾಪಸ್ ಕೊಡಲು ಹೋದಾಗ ಅವರ ಅಡುಗೆಮನೆಯ ಹಿಂದಿನ ಬಾಗಿಲಲ್ಲಿ ನಿಲ್ಲಿಸಿ, ಬೆರಳುದ್ದದ ಒಂದು ಬಿಸಿ ರೋಲು ಕೈಗಿಟ್ಟು, "ಬ್ಲ್ಯಾಂಕೆಟ್ ತಿಂದುಬಿಡು, ಬೇಗ" ಎನ್ನುತ್ತಿದ್ದರು. ಮೇಲೆ ಬೆಣ್ಣೆಯ ವಾಸನೆ, ಒಳಗೆ ಉಪ್ಪು ಉಪ್ಪಾದ ಏನೋ ಮೆತ್ತಗಿನ ವಸ್ತು. ತುಟಿ ಒರೆಸಿಕೊಂಡು ಮನೆಗೆ ಬರುತ್ತಿದ್ದೆ. ಅವ್ವನಿಗೆ ಗೊತ್ತಿತ್ತೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಬ್ಲ್ಯಾಂಕೆಟ್ ಎಂದರೆ ನಮ್ಮಲ್ಲಿ ಕೌದಿ. ಹಳೇ ಸೀರೆ, ಧೋತರದ ತುಂಡು ಸೇರಿಸಿ ಹೊಲಿದದ್ದು. ಹಂದಿಗೆ ಕೌದಿ ಹೊದಿಸಿದ್ದು ಎಂದು ನಾನು ಅವ್ವನಿಗೆ ವಿವರಿಸಿದಾಗ ಅವಳು ಬಹಳ ಹೊತ್ತು ನಕ್ಕಳು. ಹೆಸರಿನ ವಿಷಯದಲ್ಲಿ ಎಲ್ಲ ದೇಶದವರೂ ಹೀಗೇ ತಮಾಷೆ ಮಾಡಿದ್ದಾರೆ. ಜರ್ಮನಿಯಲ್ಲಿ ಇದಕ್ಕೆ 'ವುರ್ಸ್ಟ್‌ಖೆನ್ ಇಮ್ ಶ್ಲಾಫ್‌ರಾಕ್' ಎನ್ನುತ್ತಾರೆ. ಶ್ಲಾಫ್‌ರಾಕ್ ಎಂದರೆ ಮನೆಯಲ್ಲಿ ಹಾಕಿಕೊಳ್ಳುವ ಗೌನು. ನಮ್ಮ ಓಣಿಯ ಲೆಕ್ಕದಲ್ಲಿ, ನೈಟಿ ಹಾಕಿಕೊಂಡು ಹೆಗಲ ಮೇಲೆ ಟವೆಲ್ ಹೊದ್ದು ಹಾಲು ತರಲು ಹೊರಟ ಸಾಸೇಜು. ಫಿನ್ಲೆಂಡಿನವರು 'ನಕ್ಕಿಪೀಲೊ' ಎನ್ನುತ್ತಾರೆ, ಬಚ್ಚಿಟ್ಟುಕೊಂಡ ಸಾಸೇಜು ಅನ್ನುವ ಹಾಗೆ. ಇಸ್ರೇಲಿನಲ್ಲಿ 'ಮೋಶೆ ಬತೇವಾ', ಅಂದರೆ ಬುಟ್ಟಿಯೊಳಗಿನ ಮೋಶೆ. ಬೈಬಲಿನ ಕಥೆಯಲ್ಲಿ ಕೂಸಾಗಿದ್ದಾಗ ಬುಟ್ಟಿಯಲ್ಲಿಟ್ಟು ನದಿಗೆ ಬಿಟ್ಟರಲ್ಲ, ಅದೇ ಮೋಶೆ. ಅಲ್ಲಿ ಯಹೂದಿಗಳಿಗೆ ಹಂದಿ ನಿಷಿದ್ಧ, ಹಾಗಾಗಿ ಕೋಳಿಯದೋ ದನದ್ದೋ ಸಾಸೇಜು. ಹೆಸರಿನಿಂದಲೂ ಹಂದಿ ಹೋಯಿತು ನೋಡಿ. ಸ್ಕಾಟ್ಲೆಂಡಿನಲ್ಲಿ ಬೇಕನ್ ಸುತ್ತಿದ್ದಕ್ಕೆ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಉಡುವ ಲಂಗ, ಉಟ್ಟ ಸಾಸೇಜು ಎನ್ನುತ್ತಾರೆ. ಜರ್ಮನ್ ಮಾತಾಡುವ ಬಾಸೆಲ್ ಮಿಷನ್ನಿನವರು 1837ರಲ್ಲೇ ಧಾರವಾಡಕ್ಕೆ ಬಂದು ಶಾಲೆ ಕಟ್ಟಿದರು, ಚರ್ಚು ಕಟ್ಟಿದರು. ಈ ನೈಟಿಯ ಸಾಸೇಜನ್ನು ಮಾತ್ರ ನಮ್ಮ ಬೇಕರಿಗಳಿಗೆ ಯಾಕೆ ಕಲಿಸಲಿಲ್ಲವೋ, ನನಗಂತೂ ಬೇಜಾರಿದೆ.

ಹೊಗೆಯ ಕಥೆಗೆ ಬರುತ್ತೇನೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಚಿಪೊಲಾಟಾ ಎಂಬ ಸಣ್ಣ, ತೆಳ್ಳಗಿನ ಹಸಿ ಸಾಸೇಜಿಗೆ ಬೇಕನ್ ಪಟ್ಟಿ ಸುತ್ತಿ ಓವನ್ನಿನಲ್ಲಿ ಸುಡುತ್ತಾರೆ. ಕ್ರಿಸ್‌ಮಸ್ ಊಟದಲ್ಲಿ ಟರ್ಕಿ ಕೋಳಿಯ ಪಕ್ಕ ಇದು ಇರಲೇಬೇಕು. ಬೇಕನ್ ಎಂದರೆ ಉಪ್ಪಿನಲ್ಲಿ ನೆನೆಸಿ, ಎಷ್ಟೋ ಸಲ ಹೊಗೆಯನ್ನೂ ಕೊಟ್ಟ ಹಂದಿ ಮಾಂಸದ ತೆಳು ಹೋಳು. ಇದಕ್ಕೆ ಬೇಕಾದದ್ದು ಹೊಟ್ಟೆ ಭಾಗದ್ದು, ಕೊಬ್ಬಿನ ಗೆರೆ ಗೆರೆ ಇರುವುದು. ನನಗೆ ಚಿಪೊಲಾಟಾ ಸಿಗಲಿಲ್ಲ, ಸಿಕ್ಕದ್ದು ಕೋಲ್ಡ್ ಸ್ಟೋರೇಜಿನ ಚಿಕನ್ ಕಾಕ್‌ಟೇಲ್ ಸಾಸೇಜು. ಬೇಕನ್ ಗೋವಾಕ್ಕೆ ಹೋದವರೊಬ್ಬರು ತಂದುಕೊಟ್ಟರು. ಸುತ್ತುವ ಮೊದಲು ಬೇಕನ್ ಪಟ್ಟಿಯನ್ನು ಮಣೆಯ ಮೇಲೆ ಹಾಸಿ ಚಾಕುವಿನ ಬೆನ್ನಿನಿಂದ ಉದ್ದಕ್ಕೆ ಎಳೆಯಬೇಕು. ಅದು ಒಂದೂವರೆಯಷ್ಟು ಉದ್ದವಾಗುತ್ತದೆ, ತೆಳ್ಳಗೂ ಆಗುತ್ತದೆ. ಹಾಗೆ ಮಾಡದಿದ್ದರೆ ಬಿಸಿಗೆ ಕುಗ್ಗಿ ಸಾಸೇಜಿನಿಂದ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅರ್ಧಕ್ಕೆ ಕತ್ತರಿಸಿ, ಒಂದು ಸಾಸೇಜಿಗೆ ಅರ್ಧ ಪಟ್ಟಿ. ಸುತ್ತಿನ ತುದಿ ಕೆಳಗೆ ಬರುವ ಹಾಗೆ ಇಟ್ಟರೆ ಕಡ್ಡಿ ಚುಚ್ಚುವ ಅಗತ್ಯವೂ ಇಲ್ಲ, ತನ್ನ ಭಾರಕ್ಕೇ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದೆ. ಕೊನೆಗೆ ಗರಿಗರಿ ಆಗಲಿ ಎಂದು ಟ್ರೇ ಬಿಟ್ಟು ಸೀದಾ ಕಂಬಿಯ ಜಾಲರಿಯ ಮೇಲೆ ಜೋಡಿಸಿದೆ. ಕೆಳಗೆ ಟ್ರೇ ಇಡುವುದು ಮರೆತೇ ಹೋಯಿತು. 200 ಡಿಗ್ರಿಯಲ್ಲಿ ಕೊಬ್ಬು ಕರಗಿ ಕೆಳಗಿನ ಕೆಂಡದಂಥ ಕಾಯಿಲ್ ಮೇಲೆ ತೊಟ್ಟಿಕ್ಕಲು ಶುರುವಾಯಿತು. ಮುಂದಿನದು ನಿಮಗೆ ಗೊತ್ತು.

ಉಳಿದ ಮೂರ್ನಾಲ್ಕು ತಿಂದು ನೋಡಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು, ಆದರೆ ಎರಡು ತಿಂದರೆ ಸಾಕು. ಉಪ್ಪಿನ ಮೇಲೆ ಉಪ್ಪು. ಬೇಕನ್ ಸುತ್ತುವ ಹುಚ್ಚು ಇಂಗ್ಲೆಂಡಿನವರಿಗೆ ಮಾತ್ರ ಅಲ್ಲ. ಆಸ್ಟ್ರಿಯಾದವರು ಸಾಸೇಜನ್ನು ಸೀಳಿ ಒಳಗೆ ಚೀಸ್ ತುಂಬಿ ಹೊರಗೆ ಬೇಕನ್ ಸುತ್ತುತ್ತಾರೆ. ಮೆಕ್ಸಿಕೋದ ಸೊನೊರಾದಲ್ಲಿ ಬೇಕನ್ ಸುತ್ತಿದ ಸಾಸೇಜನ್ನು ಬನ್ನಿನಲ್ಲಿಟ್ಟು ಮೇಲೆ ಬೇಯಿಸಿದ ಕಾಳು, ಈರುಳ್ಳಿ, ಟೊಮೇಟೊ ಸುರಿಯುತ್ತಾರೆ. ಅದನ್ನು ಓದಿದಾಗ ನನಗೆ ನಮ್ಮ ಗಿರ್ಮಿಟ್ ನೆನಪಾಯಿತು. ಕೈಗೆ ಸಿಕ್ಕದ್ದೆಲ್ಲ ಮೇಲೆ ಸುರಿಯುವ ಬುದ್ಧಿ ಒಂದೇ.

ನನ್ನ ಮನಸ್ಸಿರುವುದು ಹಿಟ್ಟಿನ ಕಡೆಗೆ. ಅಮೆರಿಕದಲ್ಲಿ ಪಿಗ್ಸ್ ಇನ್ ಎ ಬ್ಲ್ಯಾಂಕೆಟ್ ಎಂದರೆ ಹಿಟ್ಟಿನದೇ. ಆಂಟಿಯದು ಆ ಜಾತಿಗೆ ಸೇರಿದ್ದು. ಅಲ್ಲಿ ಡಬ್ಬದಲ್ಲಿ ಸಿದ್ಧ ಕಣಕ ಸಿಗುತ್ತದೆ. ಡಬ್ಬ ಒಡೆದರೆ ತ್ರಿಕೋನದ ಹಾಳೆಗಳು, ಅಗಲದ ಕಡೆ ಸಾಸೇಜು ಇಟ್ಟು ಚೂಪಿನ ಕಡೆ ಉರುಳಿಸಿದರೆ ಮುಗಿಯಿತು. ಇಂಥ ಡಬ್ಬ ಮಾಡುವ ಪಿಲ್ಸ್‌ಬರಿ ಎಂದರೆ ನಮಗೆ ಚಪಾತಿ ಹಿಟ್ಟಿನ ಚೀಲ, ಅಲ್ವಾ? ಆ ಕಂಪನಿಯ ಬಿಳಿ ಟೋಪಿಯ ಹಿಟ್ಟಿನ ಬೊಂಬೆ 1965ರಲ್ಲಿ ಮೊದಲ ಸಲ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು ಇಂಥದೇ ಡಬ್ಬದೊಳಗಿಂದ ಜಿಗಿದು. ಅದೇ ದೇಶದಲ್ಲಿ ಕೆಲವರು ಬೆಳಗಿನ ಸಾಸೇಜನ್ನು ಪ್ಯಾನ್‌ಕೇಕಿನಲ್ಲಿ ಸುತ್ತಿ ಅದಕ್ಕೂ ಇದೇ ಹೆಸರು ಇಡುತ್ತಾರೆ. ಪ್ಯಾನ್‌ಕೇಕ್ ಎಂದರೆ ನಮ್ಮ ದೋಸೆಯ ಸಿಹಿ ತಮ್ಮ. ಟೆಕ್ಸಾಸ್‌ಗೆ ವಲಸೆ ಬಂದ ಚೆಕ್ ಜನರು ಸಿಹಿ ಬನ್ನಿನ ಕಣಕದಲ್ಲಿ ಸಾಸೇಜು ಮುಚ್ಚಿ 'ಕ್ಲೊಬಾಸ್ನಿಕ್' ಮಾಡುತ್ತಾರೆ. ಡೆನ್ಮಾರ್ಕಿನ 'ಪೋಲ್ಸೆಹಾರ್ನ್' ಮತ್ತು ಹಾಂಗ್‌ಕಾಂಗ್ ಬೇಕರಿಗಳ ಸಾಸೇಜ್ ಬನ್ ನೋಡಿದರೆ ಅಣ್ಣ ತಮ್ಮ ಅನ್ನಬೇಕು. ಎರಡಕ್ಕೂ ಕಣಕವನ್ನು ದಾರದ ಹಾಗೆ ಸುತ್ತಿ ಸುತ್ತಿ ಹೊದಿಸುತ್ತಾರೆ.

ಡಬ್ಬದ ಕಣಕ ನಮ್ಮೂರ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಹಾಗಾಗಿ ಮನೆಯಲ್ಲೇ ನಾದಿದೆ. 250 ಗ್ರಾಂ ಮೈದಾ, 160 ಎಂ.ಎಲ್. ಉಗುರು ಬೆಚ್ಚಗಿನ ಹಾಲು, ಒಂದೂವರೆ ಟೀ ಚಮಚ ಇನ್‌ಸ್ಟಂಟ್ ಈಸ್ಟ್, ಒಂದು ಚಮಚ ಸಕ್ಕರೆ, ಮುಕ್ಕಾಲು ಟೀ ಚಮಚ ಉಪ್ಪು, 30 ಗ್ರಾಂ ಬೆಣ್ಣೆ. ಮೊದಲ ಸಲ ಮಾಡಿದಾಗ ಮೇಲೆ ಬಂಗಾರದ ಬಣ್ಣ, ಕೆಳಗೆ ಹಸಿ ಅಂಟು. ಸಾಸೇಜಿನ ಸುತ್ತ ಬೆರಳಾಡಿಸುವಷ್ಟು ಪೊಳ್ಳು, ಕೆಲವದರಲ್ಲಿ ಕಣಕ ಹರಿದು ಸಾಸೇಜು ಹೊರಗೆ ಇಣುಕಿತ್ತು. ಎರಡನೇ ಸಲವೂ ಅದೇ. ಇನ್ನೂ ಐದು ನಿಮಿಷ ಜಾಸ್ತಿ ಬೇಯಿಸಿದೆ, ಮೇಲೆ ಕಪ್ಪಾಯಿತು, ಕೆಳಗೆ ಹಸಿ ಹಸಿಯೇ.

ಅವ್ವ ಅದನ್ನು ಕಣ್ಣಿನಿಂದಲೂ ನೋಡಿರಲಿಲ್ಲ. ಕೆಳಗೆ ಕೂತು ಅವರೆಕಾಯಿ ಬಿಡಿಸುತ್ತ ನನ್ನ ಗೋಳು ಕೇಳಿದಳು. "ಒಳಗಿಂದು ನೀರ ಬಿಡ್ತೈತೇನು?" ಎಂದಳು. ಬಿಡುತ್ತದೆ ಎಂದೆ. "ಹೂರಣ ನೀರಾತಂದ್ರ ಹೋಳಗಿ ಹರಿಯೂದ. ಕಟ್ಟು ಬಸದು, ಹೂರಣ ಆರಿಸಿ, ಆಮ್ಯಾಲ ತುಂಬತಾರ. ನೀ ಬಿಸೀದ ತುಂಬಿದಿ?" ಹೌದು, ತುಂಬಿದ್ದೆ. ಫ್ರಿಜ್ಜಿನಿಂದ ತೆಗೆದ ಸಾಸೇಜಿನ ಹೆಪ್ಪನ್ನು ಬಿಸಿ ನೀರಲ್ಲಿ ಕರಗಿಸಿ, ಹಾಗೇ ಒದ್ದೆ ಒದ್ದೆ ಸುತ್ತಿದ್ದೆ. "ಮತ್ತ ಕಣಕ ಎಳದೆಳದು ಬಿಗೀ ಸುತ್ತಿರಬೇಕು" ಎಂದಳು. ಅದೂ ಹೌದು.

ಯೋಚನೆ ಮಾಡಿದರೆ ಇಡೀ ತಿಂಡಿಯ ಗುಟ್ಟು ಇಷ್ಟೇ. ಸಾಸೇಜು ನಾನು ಮಾಡಿದ್ದಲ್ಲ, ಎಲ್ಲಿಯದೋ ಕಾರ್ಖಾನೆಯದು, ಹೆಚ್ಚಿನವು ಮೊದಲೇ ಬೆಂದಿರುತ್ತವೆ. ನನ್ನ ಕೈಯಲ್ಲಿರುವುದು ಹೊದಿಕೆ ಒಂದೇ. ಮಾಂಸ ಮುಟ್ಟದ ಅವ್ವನಿಗೆ ನನಗಿಂತ ಚೆನ್ನಾಗಿ ಇದು ಅರ್ಥವಾದದ್ದು ಅದಕ್ಕೇ. ಐವತ್ತು ವರ್ಷ ಹೋಳಿಗೆ, ಕಡುಬು, ಕರ್ಚಿಕಾಯಿ ಮಾಡಿದವಳು. ಒಳಗಿನ ವಸ್ತು ಯಾವುದಾದರೇನು, ಒದ್ದೆ ಇದೆಯೋ ಒಣಗಿದೆಯೋ, ಬಿಸಿ ಇದೆಯೋ ಆರಿದೆಯೋ ಎಂದಷ್ಟೇ ಅವಳು ಕೇಳುತ್ತಾಳೆ.

ಮೂರನೇ ಸಲ ಅವಳು ಹೇಳಿದ ಹಾಗೆ ಮಾಡಿದೆ. ಸಾಸೇಜನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಉರುಳಾಡಿಸಿ ನೀರು ಬಿಡಿಸಿ, ಬಟ್ಟೆಯ ಮೇಲೆ ಪೂರ್ತಿ ಆರಿಸಿದೆ. ಕಣಕವನ್ನು ಒದ್ದೆ ಬಟ್ಟೆ ಮುಚ್ಚಿ ಒಂದು ತಾಸು ಬಿಟ್ಟೆ. ಬೇಸಿಗೆಯಾದರೆ ಮುಕ್ಕಾಲು ತಾಸು ಸಾಕು. ಆಮೇಲೆ ಲಟ್ಟಿಸಿ ಬೆರಳಗಲದ ಪಟ್ಟಿ ಕತ್ತರಿಸಿ, ಒಳಮುಖಕ್ಕೆ ಪರದೇಶದವರು ಸವರುವ ಸಾಸಿವೆ ಪೇಸ್ಟಿನ ಬದಲು ಅವ್ವನ ರಂಜಕ ತೆಳ್ಳಗೆ ಸವರಿದೆ. ಅದು ಬ್ಯಾಡಗಿ ಹಣ್ಣು ಮೆಣಸಿನಕಾಯಿಯ ಚಟ್ನಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಬಣ್ಣ ಜಾಸ್ತಿ, ಖಾರ ಕಡಿಮೆ, ಅದಕ್ಕೇ ಇಲ್ಲಿ ಸರಿ ಹೋಗುತ್ತದೆ. ಖಾರ ಸಾಸೇಜಿನ ಉಪ್ಪನ್ನು ಮುಚ್ಚಿಬಿಡುವುದಿಲ್ಲ. ಪಟ್ಟಿಯನ್ನು ಎಳೆಯದೆ, ಸಡಿಲವಾಗಿ, ಸುತ್ತಿನ ಮೇಲೆ ಸುತ್ತು ಕಾಲು ಭಾಗ ಕೂರುವ ಹಾಗೆ ಸುತ್ತಿ, ಇನ್ನೊಂದು ಇಪ್ಪತ್ತು ನಿಮಿಷ ಉಬ್ಬಲು ಬಿಟ್ಟು, ಮೇಲೆ ಹಾಲು ಸವರಿ ಎಳ್ಳು ಉದುರಿಸಿದೆ. 200 ಡಿಗ್ರಿ, ಹದಿನೈದು ನಿಮಿಷ. ನನ್ನ ಓಟಿಜಿಯ ಗುಂಡಿ ಹೇಳುವ ಡಿಗ್ರಿಗೂ ಒಳಗಿನ ಬಿಸಿಗೂ ಸಂಬಂಧವಿಲ್ಲದ ಕಾರಣ ಹದಿನೆಂಟು ನಿಮಿಷ ಹಿಡಿಯಿತು. ಒಂದನ್ನು ಮುರಿದು ನೋಡಿದೆ. ಪೊಳ್ಳು ಇಲ್ಲ. ಸುತ್ತಿನ ಗೆರೆಗಳ ನಡುವೆ ರಂಜಕ ಕೆಂಪಗೆ ಇಣುಕುತ್ತಿತ್ತು, ತಳ ಬೆರಳಿನಿಂದ ತಟ್ಟಿದರೆ ಟಕ್ ಎನ್ನುತ್ತಿತ್ತು. (ಹಸಿ ಸಾಸೇಜು ಬಳಸುವವರು ಮಾತ್ರ ನನ್ನ ಲೆಕ್ಕ ನಂಬಬೇಡಿ. ಹಂದಿಯದಾದರೆ ನಡು ಭಾಗ 71 ಡಿಗ್ರಿ, ಕೋಳಿಯದಾದರೆ 74 ಡಿಗ್ರಿ ಮುಟ್ಟಬೇಕು. ಮೊದಲೇ ಬೇಯಿಸಿಕೊಂಡು ಸುತ್ತುವುದೇ ಒಳ್ಳೆಯದು.)

ಇಷ್ಟು ಪುರುಸೊತ್ತು ಇಲ್ಲದವರಿಗೆ ಪಫ್ ಇದೆ. ಪದರ ಪದರದ ಈ ಕಣಕವನ್ನು ಮನೆಯಲ್ಲಿ ಮಾಡುವ ಉಸಾಬರಿ ಬೇಡ. ಹಿಟ್ಟಿನ ಹಾಳೆಯ ನಡುವೆ ಬೆಣ್ಣೆ ಇಟ್ಟು ಮಡಚಿ, ಲಟ್ಟಿಸಿ, ಮತ್ತೆ ಮಡಚಬೇಕು. ಬೆಣ್ಣೆ ಗಟ್ಟಿಯಾಗಿದ್ದರೆ ಮಾತ್ರ ಪದರ ಉಳಿಯುತ್ತದೆ, ಒಲೆಯಲ್ಲಿ ಹಿಟ್ಟಿನ ನೀರು ಹಬೆಯಾಗಿ ಪದರಗಳನ್ನು ಎತ್ತುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಮೊದಲ ಮಡಿಕೆಗೇ ಬೆಣ್ಣೆ ಕೈ ತುಂಬ. ಬೇಕರಿಯವರು ಬೇಗ ಕರಗದ ಮಾರ್ಜರೀನ್ ಹಾಕುವುದು ಇದೇ ಕಾರಣಕ್ಕೆ. ಎಗ್ ಪಫ್ ಮಾಡುವ ಯಾವುದೇ ಬೇಕರಿಗೆ ಬೆಳಿಗ್ಗೆ ಬೇಗ ಹೋಗಿ "ಅಣ್ಣಾರ, ಹಸೀ ಹಾಳಿ ನಾಕ ಕೊಡ್ರಿ" ಎಂದರೆ ಕೆಲವರು ಕೊಡುತ್ತಾರೆ, ಕೆಲವರು ಮುಖ ನೋಡುತ್ತಾರೆ. ನಾವು ಚಹಾಕ್ಕೆ ಅದ್ದಿಕೊಂಡು ತಿನ್ನುವ ಖಾರಿಯೂ ಇದೇ ಕಣಕದ್ದೇ, ಒಣಗುವವರೆಗೆ ಬೇಯಿಸಿದ್ದು. ಇಂಗ್ಲೆಂಡಿನ ಸಾಸೇಜ್ ರೋಲ್ ಈ ಪಫ್ಫಿನ ಬಳಗ. ಅದರಲ್ಲಿ ಇಡೀ ಸಾಸೇಜು ಇರುವುದಿಲ್ಲ, ಒಳಗಿನ ಖೀಮಾವನ್ನಷ್ಟೇ ಉದ್ದಕ್ಕೆ ತುಂಬಿ ಕತ್ತರಿಸುತ್ತಾರೆ. ಅಲ್ಲಿನ ಗ್ರೆಗ್ಸ್ ಎಂಬ ಬೇಕರಿ 2019ರ ಜನವರಿಯಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲದ ಸಾಸೇಜ್ ರೋಲ್ ತಂದಾಗ ದೊಡ್ಡ ಗದ್ದಲವೇ ಆಯಿತು. ನಮ್ಮ ಮನೆಯಲ್ಲಿ ಈ ಸುದ್ದಿ ಹೇಳಿದರೆ ಅವ್ವ, "ಹಂಗಾರ ಅದು ಪಲ್ಯೆ ತುಂಬಿದ್ದು ಅನ್ನು" ಎಂದಳು.

ಇನ್ನು ಕಾರ್ನ್ ಡಾಗ್. ಕಡ್ಡಿಗೆ ಸಾಸೇಜು ಚುಚ್ಚಿ, ಗೋವಿನಜೋಳದ ಹಿಟ್ಟಿನ ದಪ್ಪ ಕಲಸಿನಲ್ಲಿ ಅದ್ದಿ ಕರಿಯುವುದು. ಹಾವೇರಿ ಕಡೆ ಹೊಲ ಹೊಲ ಗೋವಿನಜೋಳ, ಕಡಲೆಹಿಟ್ಟಿನ ಮಿರ್ಚಿ ಮಾಡುವವರು ಮೂಲೆ ಮೂಲೆಗೆ. ಇಬ್ಬರನ್ನೂ ಒಂದೇ ಗಾಡಿಗೆ ನಿಲ್ಲಿಸಿದರೆ ಕಾರ್ನ್ ಡಾಗ್ ತಾನಾಗಿ ಆಗುತ್ತದೆ. ಮಾಡಿ ನೋಡಿದೆ. ಕಲಸು ಜಾರುತ್ತದೆ. ಸಾಸೇಜಿಗೆ ಮೊದಲು ಒಣ ಹಿಟ್ಟು ಹಚ್ಚಿ, ಎತ್ತರದ ಲೋಟದಲ್ಲಿ ಕಲಸು ತುಂಬಿ ನೇರ ಅದ್ದಿದರೆ ಹಿಡಿಯುತ್ತದೆ. ಬಿಸಿಬಿಸಿ ತಿಂದರೆ ಪರವಾಗಿಲ್ಲ. ಆದರೆ ಮಿರ್ಚಿಯ ಮುಂದೆ ಇದು ಸೋಲುತ್ತದೆ, ಇದರಲ್ಲಿ ನನಗೆ ಅನುಮಾನ ಇಲ್ಲ.

ಎಲ್ಲಕ್ಕಿಂತ ರುಚಿಯಾದದ್ದು ಗೋವಾದ ಚೊರೀಸ್ ಸುತ್ತಿದ್ದು. ಮಡಗಾಂವ ಮಾರ್ಕೆಟ್ಟಿನಲ್ಲಿ ಮಣಿ ಸರದ ಹಾಗೆ ದಾರದಲ್ಲಿ ಕಟ್ಟಿ ತೂಗುಹಾಕಿರುತ್ತಾರಲ್ಲ, ಅದೇ. ಹಂದಿ ಮಾಂಸ, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನ ಕಳ್ಳಿನ ವಿನೆಗರ್, ಉಪ್ಪು. ಒಂದು ಸಲ ನಾನೇ ತಂದೆ. ಐದು ಪದರ ಪ್ಲಾಸ್ಟಿಕ್ ಸುತ್ತಿದ್ದರೂ ಕ್ಯಾಸಲ್‌ರಾಕ್ ದಾಟುವಷ್ಟರಲ್ಲಿ ಬೋಗಿಯ ತುಂಬ ಹುಳಿ ಘಮ. ಲೋಂಡಾದಲ್ಲಿ ಹತ್ತಿದ ಅಜ್ಜ ಒಬ್ಬರು "ಉಪ್ಪಿನಕಾಯಿ ಡಬ್ಬಿ ಒಡದೈತಿ ನೋಡ್ರಿ ಯಾರದೋ" ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಇದನ್ನು ಹಾಗೇ ಸುತ್ತಬಾರದು. ಸಿಪ್ಪೆ ಬಿಡಿಸಿ, ಸ್ವಲ್ಪ ನೀರು, ಜಾಸ್ತಿ ಈರುಳ್ಳಿ ಹಾಕಿ ಬೇಯಿಸಿ, ನೀರೆಲ್ಲ ಆರಿದ ಮೇಲೆ ಬಿಟ್ಟ ಕೆಂಪು ಎಣ್ಣೆಯನ್ನು ಬಸಿದು ಬೇರೆ ಇಟ್ಟುಕೊಳ್ಳಬೇಕು. ಪಲ್ಯ ಆರಿದ ಮೇಲೆ ಕಣಕದಲ್ಲಿ ತುಂಬಿ ಮುಚ್ಚಿ, ಆ ಎಣ್ಣೆಯನ್ನೇ ಮೇಲೆ ಸವರಿ ಸುಡಬೇಕು. ಗೋವಾದವರು ಪಾವಿನೊಳಗೆ ತುಂಬಿ ತಿನ್ನುವುದೂ ಹೆಚ್ಚುಕಡಿಮೆ ಇದನ್ನೇ.

ಹೋದ ವಾರ ಮತ್ತೆ ಕಣಕ ನಾದಿದೆ. ಮೇಲೆ ಒಯ್ಯುವ ಮೊದಲು ಅವ್ವ "ತಡಿ" ಎಂದು ಒಂದು ಮುಷ್ಟಿಯಷ್ಟು ಹರಿದು ತನ್ನ ತಾಟಿನಲ್ಲಿಟ್ಟುಕೊಂಡಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಮೇಲಿನ ಕೆಲಸ ಮುಗಿಸಿ, ಕೈಕಾಲು ತೊಳೆದು ಇಳಿದು ಬಂದೆ. ಅವಳು ಎರಡು ದಪ್ಪ ಮೆಣಸಿನಕಾಯಿ ಸೀಳಿ, ಬೀಜ ತೆಗೆದು, ಉಪ್ಪು ಅಜವಾನ ಸವರಿ, ನಾನು ಹೇಳಿದ್ದು ಕೇಳಿಸಿಕೊಂಡಿದ್ದಳೋ ಏನೋ, ಪಟ್ಟಿ ಕತ್ತರಿಸಿ ಸುತ್ತಿನ ಮೇಲೆ ಸುತ್ತು ಸಡಿಲವಾಗಿ ಸುತ್ತಿ, ಕಬ್ಬಿಣದ ಹಂಚಿನ ಮೇಲಿಟ್ಟು ತಾಟು ಮುಚ್ಚಿದ್ದಳು. ಒಂದು ಕಡೆ ಸ್ವಲ್ಪ ಕಪ್ಪಾಗಿತ್ತು. ಇನ್ನೊಂದು ಕಡೆ ನನ್ನ ಓಟಿಜಿಗಿಂತ ಒಳ್ಳೆಯ ಬಣ್ಣ. ಮೆಟ್ಟಿಲ ಮೇಲೆ ಕೂತು ಒಂದನ್ನು ಪೂರ್ತಿ ತಿಂದಳು. ಇನ್ನೊಂದನ್ನು ನನಗೆ ಕೊಟ್ಟಳು.

"ಕಣಕಕ್ಕ ಸಕ್ರಿ ಹಾಕಿಯೇನು?"

"ಒಂದ ಚಮಚಾ ಬೇ."

"ಮುಂದಿನ ಸಲಾ ಹಾಕಬ್ಯಾಡ."